ನಾಲ್ಕನೆಯ ಸಾಲಿನ ನಂಬರುಗಳು

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತಿದ್ದವು. ಒಂದು ಬರೆಯುವುದಕ್ಕೆ, ಇನ್ನೊಂದು ಅದು ಕೈಕೊಟ್ಟರೆ ಇರಲಿ ಅಂತ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಎಂಟೂವರೆಯ ಬಸ್ಸು ಹಿಡಿಯಬೇಕಾದರೆ ಏಳೂಮುಕ್ಕಾಲಿಗೇ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ಸಂಜೆ ಲ್ಯಾಬಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ವಾಪಸ್ಸು ಬಂದು ಎಳೆದು ನೋಡುತ್ತಿದ್ದರು. ಗೇಟು ದಾಟಿದ ಮೇಲೆ ಮತ್ತೆ ನನ್ನನ್ನು ಕೇಳುತ್ತಿದ್ದರು, ಬೀಗ ಹಾಕಿದೆ ತಾನೆ ಎಂದು. ಇಷ್ಟು ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನಾನೂ ಧೈರ್ಯಸ್ಥೆಯೇನಲ್ಲ, ಆದರೆ ಅವರ ಪಕ್ಕ ನಿಂತರೆ ನಾನೇ ಗಟ್ಟಿಗಿತ್ತಿ ಅನ್ನಿಸುತ್ತಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಎಲ್ಲಿ ತಮ್ಮ ಹೆಸರು ಅಚ್ಚಾದರೂ ಒಂದಕ್ಷರ ತಪ್ಪಿರುತ್ತದೆ ಎನ್ನುವುದು ಅವರ ನೂರೊಂದು ಭಯಗಳಲ್ಲಿ ಒಂದಾಗಿತ್ತು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಇರಲಿ.

ನರಸೀಪುರದ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ಸರ್ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ನಾನು ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಸೇರಿದೆ. ಆರು ತಿಂಗಳು ಕೆಲಸ ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದು ಆಡಳಿತದವರು ಹೇಳಿದ್ದರು. ಸರ್ ಕಂಪ್ಯೂಟರ್ ಓದಿದವರಲ್ಲ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಆ ಕಾರ್ಖಾನೆಯ ಆಫೀಸಿಗೆ ಕಂಪ್ಯೂಟರುಗಳು ಬಂದಾಗ ಇವರನ್ನು ಕೇಬಲ್ ಎಳೆಯಲು ಕಳಿಸಿದರಂತೆ. ತಾನು ಎಳೆದ ಕೇಬಲ್ಲಿನ ಆ ತುದಿಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಾಗದೆ ಇವರಿಗೆ ಅನ್ನ ಸೇರದ ಹಾಗಾಯಿತಂತೆ. ಕೇಳಿ, ನೋಡಿ, ಬೈಸಿಕೊಂಡು ಕಲಿತರು. ನಾನು ಮೂರು ವರ್ಷ ಓದಿ ಪಾಸಾದ ವಿಷಯವನ್ನು ನನಗೆ ನಿಜವಾಗಿ ಅರ್ಥ ಮಾಡಿಸಿದವರು ಅವರೇ.

ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರುಗಳು, ಸಾಲಿಗೆ ಹತ್ತರಂತೆ ನಾಲ್ಕು ಸಾಲು. ಎಲ್ಲವೂ ಒಂದೇ ರೂಟರಿನ ಮೂಲಕ ಹೊರಗಿನ ಜಾಲಕ್ಕೆ ಹೋಗಬೇಕು. ಹೋಗಬೇಕಾದರೆ ಪ್ರತಿಯೊಂದಕ್ಕೂ ಅದರದೇ ಒಂದು ಐಪಿ ನಂಬರು ಬೇಕು. ಚುಕ್ಕಿ ಇಟ್ಟು ಬರೆದ ನಾಲ್ಕು ಭಾಗದ ನಂಬರು ಅದು. ಮೊದಲ ಮೂರು ಭಾಗ ಎಲ್ಲಕ್ಕೂ ಒಂದೇ, ಕೊನೆಯ ಭಾಗ ಮಾತ್ರ ಒಂದೊಂದಕ್ಕೆ ಒಂದೊಂದು. ಮೊದಲ ದಿನ ಸರ್ ನನಗೆ ಅದನ್ನು ಹೇಳಿಕೊಟ್ಟದ್ದು ಹೀಗೆ:

"ಬೀದಿ ಒಂದೇ ಕಣವ್ವ, ಮನೆ ನಂಬರು ಬ್ಯಾರೆ. ನಮ್ಮೂರಲ್ಲಿ ಯಾವ ಬೀದಿ ಅಂತ ಕೇಳುದ್ರೆ ಸಾಕಾಗಿತ್ತು, ಮಿಕ್ಕಿದ್ದೆಲ್ಲ ಅವ್ರಿಗೇ ಗೊತ್ತಾಗೋದು. ಇಲ್ಲಿ ಅದಿಲ್ಲ ನೋಡು. ಎಲ್ಲಾರೂ ಒಂದೇ ಬೀದಿಯೋರು."

ಹೇಳಿ ನಕ್ಕರು. ಅವರ ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿದ್ದದ್ದನ್ನು ನಾನು ಆಮೇಲೆ ನೋಡಿದೆ. ಆಗ ಆ ನಗು ಪೂರ್ತಿ ಅರ್ಥವಾಯಿತು.

ನಂಬರನ್ನು ರೂಟರೇ ಹಂಚಲಿ ಎಂದು ಬಿಟ್ಟರೆ ಅದು ತನಗೆ ತೋಚಿದ್ದನ್ನು ಕೊಡುತ್ತದೆ. ನಮ್ಮ ಕಾಲೇಜು ಭಾನುವಾರಗಳಲ್ಲಿ ಆನ್‌ಲೈನ್ ಪರೀಕ್ಷೆಗಳಿಗೂ ಕೇಂದ್ರವಾಗಿತ್ತು. ಯಾವ ಸೀಟಿನ ಕಂಪ್ಯೂಟರಿಗೆ ಯಾವ ನಂಬರು ಎಂದು ಪರೀಕ್ಷೆಯವರು ಮೊದಲೇ ಪಟ್ಟಿ ಕೇಳುತ್ತಿದ್ದರು. ಹಾಗಾಗಿ ಸರ್ ಒಂದೊಂದರ ಮುಂದೂ ಕೂತು ಕೈಯಾರೆ ನಂಬರು ತುಂಬುತ್ತಿದ್ದರು. ತುಂಬಿದ ಮೇಲೆ ತುಟಿ ಅಲ್ಲಾಡಿಸಿಕೊಂಡು ಎರಡು ಸಲ ಓದುತ್ತಿದ್ದರು. ಆಮೇಲೆ ಆ ಕಂಪ್ಯೂಟರಿನಿಂದ ರೂಟರನ್ನು ಕರೆದು ಅದು ಉತ್ತರ ಕೊಡುವುದನ್ನು ನೋಡುತ್ತಿದ್ದರು. ಒಂದು ಸಲ ಉತ್ತರ ಬಂದರೆ ಸಾಕು ಎಂದು ನಾವೆಲ್ಲ ಎದ್ದುಹೋಗುತ್ತೇವೆ. ಅವರು ಏಳುತ್ತಿರಲಿಲ್ಲ.

ಈ ನಂಬರುಗಳಲ್ಲಿ ನಮ್ಮ ಕಾಲೇಜಿಗೇ ಮೀಸಲಾದ ಒಂದು ತೊಡಕಿತ್ತು. ಕಾಲೇಜಿನ ಸೆಕ್ರೆಟರಿಯವರಿಗೆ ಎಂಟು ಎಂದರೆ ಆಗದು. ಎಂಟು ಶನಿಯ ಸಂಖ್ಯೆಯಂತೆ. ಎಂಟು ಮಾತ್ರವಲ್ಲ, ಕೂಡಿದರೆ ಎಂಟಾಗುವುದೂ ಕೂಡದು. ಅವರ ಕಾರಿನ ನಂಬರೂ ಹಾಗೆ ಆರಿಸಿ ತಂದದ್ದೇ. ಹೀಗಾಗಿ ಲ್ಯಾಬಿನ ಮೇಜುಗಳಿಗೆ ಅಂಟಿಸಿದ ಸ್ಟಿಕರುಗಳಲ್ಲಿ ಎಂಟು ಇರಲಿಲ್ಲ, ಹದಿನೇಳು ಇರಲಿಲ್ಲ, ಇಪ್ಪತ್ತಾರು, ಮೂವತ್ತೈದು, ನಲವತ್ತನಾಲ್ಕು ಯಾವುದೂ ಇರಲಿಲ್ಲ. ಏಳಾದ ಮೇಲೆ ಒಂಬತ್ತು. ಇದ್ದದ್ದು ನಲವತ್ತು ಕಂಪ್ಯೂಟರು, ಕೊನೆಯ ಸ್ಟಿಕರು ನಲವತ್ತೈದು.

ಮಿಷನ್ನಿಗೂ ಶನಿ ಹಿಡಿಯುತ್ತದಾ ಎಂದು ಸರ್ ನನ್ನ ಹತ್ತಿರ ತಮಾಷೆ ಮಾಡುತ್ತಿದ್ದರು. ಆದರೆ ಸ್ಟಿಕರಿನಲ್ಲಿ ಏನಿದೆಯೋ ಐಪಿ ನಂಬರಿನ ಕೊನೆಯ ಭಾಗವೂ ಅದೇ ಇರಬೇಕು ಎನ್ನುವುದು ಅವರ ಕಟ್ಟುನಿಟ್ಟು. ಎಣಿಸಿ ಕೊಡಬಾರದು, ಸ್ಟಿಕರು ನೋಡಿ ಕೊಡಬೇಕು. ಇದನ್ನು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆರೆಯುವ ಮೊದಲೇ ನಾನು ತಲೆಯಾಡಿಸುತ್ತಿದ್ದೆ.

ಅವರ ಭಯಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಒಂದು ಸಂಜೆ ಬಸ್ಸು ಸುತ್ತೂರಿನ ಹತ್ತಿರ ಬಂದಿತ್ತು, ಆಕಾಶದಲ್ಲಿ ಮೋಡ ಕಟ್ಟಿತ್ತು. ರೂಟರಿನ ಪ್ಲಗ್ ಕಿತ್ತೆನೋ ಇಲ್ಲವೋ ಎಂದು ಇವರಿಗೆ ಅನುಮಾನ ಶುರುವಾಯಿತು. ಕಿತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದರೂ ಕೇಳದೆ ಅಲ್ಲೇ ಇಳಿದು, ಎದುರು ಬಸ್ಸು ಹತ್ತಿ ನರಸೀಪುರಕ್ಕೆ ವಾಪಸ್ಸು ಹೋದರು. ಪ್ಲಗ್ ಕಿತ್ತೇ ಇತ್ತು. ಮರುದಿನ ನಾನು ಅವರನ್ನು ಚೆನ್ನಾಗಿ ಆಡಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೋಗಿ ನೋಡಿದ್ದಕ್ಕೆ ನಿದ್ದೆ ಬಂತು ಎಂದರು.

ಆ ಪ್ಲಗ್ಗನ್ನು ಕೀಳದೆ ಉಳಿದ ಒಂದೇ ದಿನ ಅವರು ರಜೆಯಲ್ಲಿದ್ದ ಶುಕ್ರವಾರ. ಸಿಡಿಲು ಬಡಿದು ರೂಟರು ಸುಟ್ಟಿತು. ಭಾನುವಾರ ಗುಮಾಸ್ತರ ಹುದ್ದೆಗಳ ಪರೀಕ್ಷೆ ಇತ್ತು. ಹೊಸ ರೂಟರು ಮೈಸೂರಿನಿಂದ ಬಂದಾಗ ಶನಿವಾರ ಮಧ್ಯಾಹ್ನ. ಅದು ಬೇರೆ ಬಗೆಯದು, ಅದರ ಬೀದಿಯೇ ಬೇರೆ. ಹಳೆಯ ನಂಬರುಗಳನ್ನೆಲ್ಲ ಅಳಿಸಿ ನಲವತ್ತಕ್ಕೂ ಹೊಸದಾಗಿ ತುಂಬಬೇಕಿತ್ತು. ಕೆಲಸ ಶುರು ಮಾಡುವ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಯುಪಿಎಸ್ ಒಂದು ಸಲಕ್ಕೆ ಹತ್ತು ಕಂಪ್ಯೂಟರಿನ ಭಾರ ಮಾತ್ರ ಹೊರುತ್ತಿತ್ತು. ಹಾಗಾಗಿ ಒಂದು ಸಾಲು ಆನ್ ಮಾಡುವುದು, ನಂಬರು ತುಂಬುವುದು, ಪರೀಕ್ಷಿಸುವುದು, ಆಫ್ ಮಾಡಿ ಮುಂದಿನ ಸಾಲಿಗೆ ಹೋಗುವುದು.

ಮೂರು ಸಾಲು ಸರ್ ಮುಗಿಸಿದರು. ಅಷ್ಟರಲ್ಲಿ ಸೆಕ್ರೆಟರಿಯವರು ಕರೆದರೆಂದು ನಾಲ್ಕನೆಯದನ್ನು ನನಗೆ ವಹಿಸಿ ಹೋದರು. ಪರೀಕ್ಷೆಗೆ ಬರುವವರು ಮೂವತ್ತು ಜನ, ಮೊದಲ ಮೂರು ಸಾಲು ಅವರಿಗೆ. ನಾಲ್ಕನೆಯ ಸಾಲು ಯಾವುದಾದರೂ ಕೆಟ್ಟರೆ ಇರಲಿ ಎಂದು ಆನ್ ಮಾಡಿ ಇಡುವುದು, ಅಷ್ಟೆ. ನನಗೋ ಐದು ಗಂಟೆಯ ಬಸ್ಸು ಸಿಗಲೇಬೇಕಿತ್ತು. ಆ ಸಂಜೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. (ಬಂದರು, ಉಪ್ಪಿಟ್ಟು ತಿಂದರು, ಹೋದರು. ಮತ್ತೆ ಸುದ್ದಿಯಿಲ್ಲ.) ನಾನು ಸ್ಟಿಕರು ನೋಡಲಿಲ್ಲ. ಸಾಲಿಗೆ ಹತ್ತು, ಮೂರು ಸಾಲಿಗೆ ಮೂವತ್ತು, ನನ್ನದು ಮೂವತ್ತೊಂದರಿಂದ ಶುರು ಎಂದುಕೊಂಡು ನಲವತ್ತರವರೆಗೆ ಪಟಪಟನೆ ತುಂಬಿದೆ. ಸರ್ ಮೂರನೆಯ ಸಾಲನ್ನು ಸ್ಟಿಕರಿನ ಪ್ರಕಾರ ಮೂವತ್ಮೂರಕ್ಕೆ ಮುಗಿಸಿದ್ದರು. ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು ಎರಡೆರಡಾದವು. ಎರಡು ಸಾಲು ಒಟ್ಟಿಗೆ ಆನ್ ಆಗಿರಲಿಲ್ಲವಾದ್ದರಿಂದ ಯಾವುದೂ ತಕರಾರು ಮಾಡಲಿಲ್ಲ.

ಸರ್ ವಾಪಸ್ಸು ಬಂದು ಕೇಳಿದರು. "ಸ್ಟಿಕರ್ ನೋಡ್ಕಂಡೇ ಕೊಟ್ಯಾ?"

ಹೂಂ ಸರ್ ಎಂದೆ. ಚೀಲ ಆಗಲೇ ಹೆಗಲಿನಲ್ಲಿತ್ತು.

ನಲವತ್ತನ್ನೂ ಒಟ್ಟಿಗೆ ಆನ್ ಮಾಡಿ ನೋಡದೆ ಅವರಿಗೆ ಸಮಾಧಾನವಿಲ್ಲ. ಕರೆಂಟಿಗಾಗಿ ಕಾಯುತ್ತ ಕೂತರು. ಕರೆಂಟು ಬರುವ ಮೊದಲೇ ಪರೀಕ್ಷೆಯ ವೀಕ್ಷಕರು ಬಂದು ನಿಯಮದ ಪ್ರಕಾರ ಲ್ಯಾಬಿಗೆ ಸೀಲು ಹಾಕಿದರಂತೆ. ಹತ್ತು ನಿಮಿಷ ಬಿಡಿ ಎಂದು ಸರ್ ಕೈಮುಗಿದರೂ ಬಿಡಲಿಲ್ಲವಂತೆ. ಇದು ನನಗೆ ಮರುದಿನ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಸೀಲು ತೆಗೆದದ್ದು ಎಂಟೂಮುಕ್ಕಾಲಿಗೆ. ಒಂಬತ್ತರಿಂದ ಒಂಬತ್ತೂವರೆಯೊಳಗೆ ಎಲ್ಲರೂ ಲಾಗಿನ್ ಆಗಬೇಕು, ಆಗದವರು ಗೈರುಹಾಜರಿ. ನಾನು ಸ್ವಿಚ್ ಬೋರ್ಡಿನ ಹತ್ತಿರವಿದ್ದ ನಾಲ್ಕನೆಯ ಸಾಲನ್ನು ಮೊದಲು ಆನ್ ಮಾಡಿದೆ, ಆಮೇಲೆ ಉಳಿದವನ್ನು. ಅಭ್ಯರ್ಥಿಗಳು ಬಂದು ಕೂತರು. ಒಂಬತ್ತೂ ಹತ್ತಕ್ಕೆ ಇಪ್ಪತ್ತೇಳು ಜನ ಲಾಗಿನ್ ಆಗಿದ್ದರು. ಮೂರನೆಯ ಸಾಲಿನ ಕೊನೆಯ ಮೂವರಿಗೆ ಜಾಲವೇ ಸಿಗುತ್ತಿರಲಿಲ್ಲ. ಇಬ್ಬರು ಹುಡುಗರು, ನಡುವೆ ಮೂವತ್ತೆರಡನೆಯ ಸೀಟಿನಲ್ಲಿ ಒಬ್ಬ ಹೆಂಗಸು. ತಾಂಡವಪುರದಿಂದ ಬಂದವಳು.

ಸರ್ ಕೇಬಲ್ ಕಿತ್ತು ಹಾಕಿದರು. ನಂಬರು ನೋಡಿದರು, ಸ್ಟಿಕರಿಗೆ ಸರಿಯಾಗಿಯೇ ಇತ್ತು. ಮೂವರನ್ನೂ ನಾಲ್ಕನೆಯ ಸಾಲಿಗೆ ಕೂರಿಸಲೇ ಎಂದು ಕೇಳಿದರು, ಕಂಪ್ಯೂಟರು ಕೆಟ್ಟಿದೆ ಎಂದು ಖಚಿತವಾಗದೆ ಸೀಟು ಬದಲಿಸುವಂತಿಲ್ಲ ಎಂದು ವೀಕ್ಷಕರು ಅಂದರು. ಆ ಹೆಂಗಸು ಹಾಲ್ ಟಿಕೆಟನ್ನು ಎದೆಗೊತ್ತಿಕೊಂಡು ಅವರನ್ನೇ ನೋಡುತ್ತಿದ್ದಳು.

"ಇದೇ ಕಡೇದು ಸಾ," ಎಂದಳು. "ಬರೋ ವರ್ಸಕ್ಕೆ ನನ್ ವಯಸ್ಸು ದಾಟೋಯ್ತದೆ."

ಏನೂ ಆಗುವುದಿಲ್ಲ ಕಣವ್ವ ಎಂದು ಸರ್ ಅವಳ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರು. ಪಕ್ಕದ ಮೂವತ್ತೊಂದರ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಬಂದಿತ್ತು. ಅದನ್ನು ಬಗ್ಗಿ ಓದಿ, ಇದೇ ನಂಬರು ಇನ್ನೆಲ್ಲೋ ಇದೆ ಎಂದರು.

ನನಗೆ ಆ ಕ್ಷಣವೇ ಗೊತ್ತಾಯಿತು. ಮೂರು ಹತ್ತಲ ಮೂವತ್ತು. ಒಂದೇ ನಂಬರು ಎರಡಕ್ಕಿದ್ದರೆ ಮೊದಲು ಆನ್ ಆದದ್ದೇ ಅದನ್ನು ಹಿಡಿದುಕೊಳ್ಳುತ್ತದೆ. ಮೂರು ಹೆಜ್ಜೆ ಆಚೆ ನನ್ನ ಸಾಲಿತ್ತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ಸೆಕ್ರೆಟರಿಯವರು ನಿಂತಿದ್ದರು, ನನಗೆ ಆರು ತಿಂಗಳು ತುಂಬಲು ಹನ್ನೆರಡು ದಿನ ಬಾಕಿ ಇತ್ತು. ನಾನು ಹೇಳಲಿಲ್ಲ.

ಸರ್ ಮೊದಲ ಸಾಲಿನಿಂದ ಹುಡುಕಲು ಶುರು ಮಾಡಿದರು. ತಾವೇ ಮಾಡಿದ ಸಾಲುಗಳನ್ನು ಅನುಮಾನದಿಂದ ಒಂದೊಂದಾಗಿ ನೋಡಿದರು. ತಮ್ಮ ಬೀಗವನ್ನು, ತಮ್ಮ ಪ್ಲಗ್ಗನ್ನು, ತಮ್ಮ ಕೈಯನ್ನು ಅವರು ಎಂದೂ ನಂಬಿದವರಲ್ಲ. ನನ್ನ ಹೂಂ ಅನ್ನು ನಂಬಿದ್ದರು. ಅದಕ್ಕೇ ನಾಲ್ಕನೆಯ ಸಾಲಿಗೆ ಕೊನೆಯಲ್ಲಿ ಬಂದರು. ಮೊದಲ ಕಂಪ್ಯೂಟರಿನ ನಂಬರು ನೋಡಿದರು, ಸ್ಟಿಕರು ನೋಡಿದರು, ನನ್ನ ಮುಖ ನೋಡಿದರು. ಬೋರ್ಡಿನ ಹತ್ತಿರ ಹೋಗಿ ಇಡೀ ಸಾಲನ್ನು ಆಫ್ ಮಾಡಿದರು.

ಮೂವತ್ತೊಂದು ಮತ್ತು ಮೂವತ್ಮೂರಕ್ಕೆ ಜಾಲ ಸಿಕ್ಕಿತು, ಹುಡುಗರಿಬ್ಬರೂ ಲಾಗಿನ್ ಆದರು. ಮೂವತ್ತೆರಡು ಮಾತ್ರ ಜಾಲ ಹಿಡಿಯಲಿಲ್ಲ, ಅದನ್ನು ಇನ್ನೊಮ್ಮೆ ರೀಸ್ಟಾರ್ಟ್ ಮಾಡಬೇಕಾಯಿತು. ಅದೊಂದು ಹಳೆಯ ಮಿಷನ್ನು. ಅದರ ಮೇಲೆ ಲಾಗಿನ್ ಪುಟ ಮೂಡಿದಾಗ ಒಂಬತ್ತು ಮೂವತ್ತೊಂದು. ವೀಕ್ಷಕರು ಇನ್ನು ಆಗುವುದಿಲ್ಲ ಎಂದರು. ಸರ್ ಬೇಡಿಕೊಂಡರು, ಅವರು ಗಡಿಯಾರ ತೋರಿಸಿದರು. ಆ ಹೆಂಗಸು ಕೂಗಾಡಲಿಲ್ಲ, ಅಳಲಿಲ್ಲ. ಹಾಲ್ ಟಿಕೆಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಎದ್ದು ಹೋದಳು.

ಕೇಂದ್ರದ ವರದಿಯಲ್ಲಿ ಅಭ್ಯರ್ಥಿ ತಡವಾಗಿ ಬಂದಳು ಎಂದು ಬರೆದುಬಿಡಿ ಎಂದು ಸೆಕ್ರೆಟರಿಯವರು ಸರ್‌ಗೆ ಹೇಳಿದರು. ತಪ್ಪು ನಮ್ಮದೆಂದರೆ ಕಾಲೇಜಿಗೆ ಪರೀಕ್ಷಾ ಕೇಂದ್ರವೇ ತಪ್ಪಿಹೋಗುತ್ತದೆ ಎಂದರು. ಸರ್ ಲ್ಯಾಬಿಗೆ ಬಂದು ಕೂತು ಇದ್ದದ್ದನ್ನು ಇದ್ದಹಾಗೆ ಬರೆದರು. ಎಂಟು ಐವತ್ತೆರಡರಿಂದ ಅಭ್ಯರ್ಥಿ ಸೀಟಿನಲ್ಲಿದ್ದರು, ಎರಡು ಕಂಪ್ಯೂಟರಿಗೆ ಒಂದೇ ನಂಬರು ಕೊಟ್ಟಿದ್ದರಿಂದ ಲಾಗಿನ್ ಆಗಲಿಲ್ಲ, ಅವರದು ಏನೂ ತಪ್ಪಿಲ್ಲ. ಅಷ್ಟು ಬರೆದು ಪೆನ್ನು ಎತ್ತಿದರು.

"ನಾಕ್ನೇ ಸಾಲಿನ ನಂಬರು ಯಾರು ತುಂಬುದ್ರು ಅಂತ ಬರೀಬೇಕಲ್ಲವ್ವ," ಎಂದರು.

ಗದರಿಸಿ ಕೇಳಿದ್ದಲ್ಲ, ಮೆತ್ತಗೆ ಕೇಳಿದರು. ನಾನು ನೆಲ ನೋಡುತ್ತಿದ್ದೆ. ಅವರು ಕಾದರು, ಬಹಳ ಹೊತ್ತು ಕಾದರು. ಆಮೇಲೆ ಲ್ಯಾಬ್ ಉಸ್ತುವಾರಿ ಎಂದು ಬರೆದು ಕೆಳಗೆ ಸಹಿ ಹಾಕಿದರು. ಒಂದು ಪ್ರತಿ ವೀಕ್ಷಕರಿಗೆ ಕೊಟ್ಟರು, ಇನ್ನೊಂದನ್ನು ಜೆರಾಕ್ಸ್ ಮಾಡಿಸಿ ಜೇಬಿಗಿಟ್ಟುಕೊಂಡರು.

ಮಧ್ಯಾಹ್ನ ಹಾಜರಿ ಪಟ್ಟಿಯಿಂದ ಅವಳ ವಿಳಾಸ ತೆಗೆದುಕೊಂಡು ಸರ್ ತಾಂಡವಪುರಕ್ಕೆ ಹೊರಟರು. ನಾನೂ ಬರುತ್ತೇನೆ ಎಂದೆ, ಬೇಡ ಎನ್ನಲಿಲ್ಲ. ಎರಡು ಬಸ್ಸು ಬದಲಿಸಿದೆವು. ಅವಳ ಮನೆಯ ಬಾಗಿಲಲ್ಲಿ ನಿಂತು ಸರ್ ಆ ಕಾಗದ ಕೊಟ್ಟರು.

"ತಪ್ಪು ನಮ್ದು ಕಣವ್ವ. ನೀನು ಲೇಟಾಗಿ ಬಂದೆ ಅಂತ ಯಾರಾದ್ರೂ ಅಂದ್ರೆ ಇದ ತೋರ್ಸು. ಇದ್ನ ಇಟ್ಕಂಡು ಇನ್ನೊಂದು ದಿನ ಕೊಡಿ ಅಂತ ಅರ್ಜಿ ಹಾಕು."

ಅರ್ಜಿಯನ್ನೂ ಅವರೇ ಬರೆದುಕೊಟ್ಟರು. ನಾನು ಒಗೆಯುವ ಕಲ್ಲಿನ ಹತ್ತಿರ ನಿಂತು ಅಳುತ್ತಿದ್ದೆ. ಅವಳ ತಾಯಿ ನನಗೆ ನೀರು ತಂದುಕೊಟ್ಟರು. ಯಾಕೆ ಅಳುತ್ತೀಯ ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ಸರ್‌ಗೆ ನಾಳೆಯಿಂದ ಬರುವುದು ಬೇಡ ಎಂದು ಕಾಲೇಜಿನವರು ಹೇಳಿದರು. ಹನ್ನೆರಡು ದಿನಗಳ ನಂತರ ನನ್ನನ್ನು ಕಾಯಂ ಮಾಡಿದರು. ಅವರು ಮಾಡುತ್ತಿದ್ದ ಕೆಲಸ ನನಗೆ ಬಂತು.

ಆಮೇಲೆ ಅವರು ನಂಜನಗೂಡಿನಲ್ಲಿ ಮನೆಗಳಿಗೂ ಅಂಗಡಿಗಳಿಗೂ ರೂಟರು ಹಾಕಿಕೊಡುವ ಕೆಲಸ ಹಿಡಿದರು. ಬಸ್ ಸ್ಟ್ಯಾಂಡಿನಲ್ಲಿ ಆಗಾಗ ಸಿಗುತ್ತಿದ್ದರು. ಚೆನ್ನಾಗಿ ಮಾತಾಡಿಸುತ್ತಿದ್ದರು, ಪರೀಕ್ಷೆಗೆ ಮೊದಲು ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ ನೋಡುತ್ತೀಯ ತಾನೆ ಎಂದು ಕೇಳುತ್ತಿದ್ದರು. ಆ ಭಾನುವಾರದ ಮಾತು ಒಂದು ದಿನವೂ ಎತ್ತಲಿಲ್ಲ. ಇವತ್ತು ಹೇಳಿಬಿಡಬೇಕು ಎಂದು ನಾನು ಎಷ್ಟೋ ಸಲ ಅವರ ಪಕ್ಕ ಹೋಗಿ ನಿಂತಿದ್ದೇನೆ. ಸರ್, ಅವತ್ತು, ಎಂದು ಒಂದು ಸಲ ಶುರುವನ್ನೂ ಮಾಡಿದೆ. ಅವರು ನನ್ನ ಕಡೆ ಪೂರ್ತಿ ತಿರುಗಿ ನಿಂತರು. ನನಗೆ ಹೆದರಿಕೆಯಾಯಿತು. ಅವತ್ತು ನಿಮ್ಮ ಮನೆಯವರು ಕಳಿಸಿದ ಚಟ್ನಿಪುಡಿ ಚೆನ್ನಾಗಿತ್ತು ಎಂದೆ.

ಅವರ ಮನೆಯಲ್ಲಿ ನುಡಿನಮನ ಇಟ್ಟಿದ್ದ ದಿನ ನಾನು ಹೋದೆ. ಹಜಾರದ ತುಂಬ ಜನ, ಹೊರಗೆ ಜಗಲಿಯ ಮೇಲೆ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತಿದ್ದವಳನ್ನು ನೋಡಿದೆ. ಅವಳೇ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದೇನೆ ಎಂದಳು. ಆ ಕಾಗದ ತೋರಿಸಿದ್ದಕ್ಕೆ ಮೈಸೂರಿನಲ್ಲಿ ಇನ್ನೊಂದು ದಿನ ಕೊಟ್ಟರಂತೆ. ಆ ಬೆಳಿಗ್ಗೆ ಸರ್ ಮೂರು ಸಲ ಫೋನ್ ಮಾಡಿ ಹೊರಟೆಯಾ ಎಂದು ಕೇಳಿದರಂತೆ.

ಏನಾಯಿತು ಎಂದೆ.

"ನಾಕು ಮಾರ್ಕ್ಸಲ್ಲಿ ಓಯ್ತು ಮೇಡಂ. ನಾನು ಓದಿದ್ದು ಸಾಲ್ಲಿಲ್ಲ. ಬರೆಯಾಕೆ ಬುಟ್ರಲ್ಲ, ಅದು ಅವ್ರಿಂದ."

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಅವತ್ತು ಆ ನಂಬರು ತಪ್ಪಾಗಿ ಕೊಟ್ಟದ್ದು ಅವರಲ್ಲ, ನಾನು ಎಂದೆ. ಗೊತ್ತಾದ ಮೇಲೂ ಬಾಯಿ ಬಿಡದೆ ನಿಂತಿದ್ದೆ ಎಂದೂ ಹೇಳಿದೆ. ಇಷ್ಟು ವರ್ಷದಲ್ಲಿ ಅದನ್ನು ಮೊದಲ ಸಲ ಗಟ್ಟಿಯಾಗಿ ಹೇಳಿದ್ದು. ಅವಳು ಬೈಯುತ್ತಾಳೆ ಎಂದು ಕಾದೆ. ಬೈದರೆ ಒಳ್ಳೆಯದು ಅನ್ನಿಸುತ್ತಿತ್ತು.

"ಗೊತ್ತು ಮೇಡಂ," ಎಂದಳು. "ಅವತ್ತು ನಮ್ಮನೆ ಬಾಗ್ಲಲ್ಲಿ ತಪ್ಪು ನಮ್ದು ಅಂತ ಅಂದೋರು ಅವ್ರು. ಅಳ್ತಿದ್ದೋರು ನೀವು."

ಆಮೇಲೆ ಅವಳೇ ಕೇಳಿದಳು. "ಅವ್ರಿಗೆ ಯೋಳುದ್ರಾ?"

ಅವರಿಗೆ ಗೊತ್ತಿತ್ತು ಎಂದೆ.

"ಗೊತ್ತಿರೋದು ಬ್ಯಾರೆ. ನೀವು ಯೋಳುದ್ರಾ?"

ಒಳಗೆ ಬುದ್ಧವಂದನೆ ಶುರುವಾಯಿತು. ಎಲ್ಲರೂ ಎದ್ದು ನಿಂತರು, ಅವಳೂ ಎದ್ದಳು. ಇಲ್ಲ ಎಂದು ನಾನು ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.